ಬೇಸ್‌ಬಾಲ್ ಪಂದ್ಯದ ದಾಖಲೆ: ಅಂಕಿಗಳನ್ನು ಓದುವ ಬಗೆ, ಅಂಕಿಗಳು ಹೇಳದೆ ಉಳಿಸುವ ಮಾತು

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ 2010ರ ಜೂನ್ 2ರಂದು ನಡೆದ ಒಂದು ವೃತ್ತಿಪರ ಬೇಸ್‌ಬಾಲ್ ಪಂದ್ಯದ ಸಾರಾಂಶ ದಾಖಲೆಯಲ್ಲಿ ಹೀಗಿದೆ:

ಕ್ಲೀವ್‌ಲ್ಯಾಂಡ್: 000 000 000 – ರನ್ 0, ಹಿಟ್ 1, ಎರರ್ 1
ಡೆಟ್ರಾಯಿಟ್: 010 000 02× – ರನ್ 3, ಹಿಟ್ 9, ಎರರ್ 0

ಪಂದ್ಯ ನಡೆದದ್ದು 1 ಗಂಟೆ 44 ನಿಮಿಷ. ನೋಡಲು ಬಂದವರು 17,738 ಮಂದಿ. ಮೇಲ್ನೋಟಕ್ಕೆ ಇದು ಸಾಧಾರಣ ಪಂದ್ಯವೊಂದರ ಲೆಕ್ಕ. ಆದರೆ ಮೊದಲ ಸಾಲಿನಲ್ಲಿ ಹಿಟ್‌ನ ಮುಂದಿರುವ ‘1’ ಎಂಬ ಅಂಕಿ ಬೇಸ್‌ಬಾಲ್ ಇತಿಹಾಸದಲ್ಲಿಯೇ ಬಹುಚರ್ಚಿತವಾದ ಅಂಕಿಗಳಲ್ಲಿ ಒಂದು. ಆ ಅಂಕಿ ಅಲ್ಲಿಗೆ ಹೇಗೆ ಬಂತು, ತಪ್ಪೆಂದು ತಿಳಿದ ಮೇಲೆಯೂ ಏಕೆ ಉಳಿಯಿತು ಎಂಬುದನ್ನು ಅರಿಯಬೇಕಾದರೆ ಈ ಬಗೆಯ ದಾಖಲೆಯನ್ನು ಓದಲು ಕಲಿಯಬೇಕು.

ಬೇಸ್‌ಬಾಲ್ ನಮ್ಮ ಶಾಲಾ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವ ಆಟವಲ್ಲ. ಆದರೂ ಶಿಕ್ಷಕರಾದ ನಾವು ಅದರ ದಾಖಲೆಯನ್ನು ಇಲ್ಲಿ ವಿವರಿಸಲು ಮುಂದಾಗುವುದಕ್ಕೆ ಕಾರಣವಿದೆ. ಅಂಕಿಗಳ ಕೋಷ್ಟಕವೊಂದು ಕಣ್ಣಿಗೆ ಬಿದ್ದಾಗ ಇದನ್ನು ಬರೆದವರು ಯಾರು, ಯಾವ ನಿಯಮದಂತೆ ಬರೆದರು, ಇದರಲ್ಲಿ ಯಾವುದು ಬಿಟ್ಟುಹೋಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಕ್ಕಳಲ್ಲಿ ಬೆಳೆಯಬೇಕು. ಆ ಪಾಠಕ್ಕೆ ಬೇಸ್‌ಬಾಲ್‌ನ ದಾಖಲೆಯಷ್ಟು ಅಚ್ಚುಕಟ್ಟಾದ ಉದಾಹರಣೆ ವಿರಳ.

ಆಟದ ಸ್ವರೂಪ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅರ್ಥವಾಗುವುದು ಕಷ್ಟವಲ್ಲ. ಪ್ರತಿ ತಂಡದಲ್ಲಿ ಏಕಕಾಲಕ್ಕೆ ಒಂಬತ್ತು ಮಂದಿ ಅಂಗಣದಲ್ಲಿ ನಿಲ್ಲುತ್ತಾರೆ. ಚೆಂಡನ್ನು ಎಸೆಯುವವನು ಪಿಚರ್, ಬ್ಯಾಟುಗಾರನ ಹಿಂದೆ ಕುಳಿತು ಅದನ್ನು ಹಿಡಿಯುವವನು ಕ್ಯಾಚರ್. ಅಂಗಣದಲ್ಲಿ ವಜ್ರಾಕೃತಿಯಲ್ಲಿ ನಾಲ್ಕು ನೆಲೆಗಳಿವೆ. ಒಂದರಿಂದ ಮತ್ತೊಂದಕ್ಕೆ 90 ಅಡಿ ದೂರ. ಬ್ಯಾಟುಗಾರನು ಹೋಮ್ ಪ್ಲೇಟ್ ಎಂಬ ನೆಲೆಯಿಂದ ಹೊರಟು, ಮೊದಲನೆಯ, ಎರಡನೆಯ, ಮೂರನೆಯ ನೆಲೆಗಳನ್ನು ಮುಟ್ಟಿ ಮತ್ತೆ ಹೋಮ್ ಪ್ಲೇಟ್ ತಲುಪಿದರೆ ಒಂದು ರನ್.

ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಗಳಿಗೆ ಬ್ಯಾಟಿಂಗ್ ಸರದಿ ಸಿಗುತ್ತದೆ. ಮೂವರು ಔಟಾದರೆ ಸರದಿ ಮುಗಿಯಿತು. ಹಾಗಾಗಿ ಪೂರ್ಣ ಪಂದ್ಯದಲ್ಲಿ ಒಂದು ತಂಡಕ್ಕೆ 27 ಔಟ್‌ಗಳು. ಕ್ರಿಕೆಟಿನಂತೆ ಔಟಾದವನ ಆಟ ಅಲ್ಲಿಗೇ ಮುಗಿಯುವುದಿಲ್ಲ. ಒಂಬತ್ತು ಮಂದಿಯ ಸರದಿ ಸುತ್ತಿ ಬಂದಾಗ ಅವನು ಮತ್ತೆ ಬ್ಯಾಟು ಹಿಡಿಯುತ್ತಾನೆ. ಪಿಚರ್ ಸರಿಯಾದ ವ್ಯಾಪ್ತಿಯ ಹೊರಗೆ ನಾಲ್ಕು ಬಾರಿ ಎಸೆದರೆ ಬ್ಯಾಟುಗಾರನಿಗೆ ಮೊದಲ ನೆಲೆ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ‘ವಾಕ್’ ಎಂದು ಹೆಸರು. ಮೂರು ‘ಸ್ಟ್ರೈಕ್’ಗಳಾದರೆ ಬ್ಯಾಟುಗಾರ ಔಟ್.

ಇಷ್ಟು ತಿಳಿದರೆ ಮೇಲಿನ ಎರಡು ಸಾಲುಗಳನ್ನು ಓದಬಹುದು. ಒಂಬತ್ತು ಸೊನ್ನೆಗಳು ಕ್ಲೀವ್‌ಲ್ಯಾಂಡಿನ ಒಂಬತ್ತು ಇನ್ನಿಂಗ್ಸ್‌ಗಳು. ಡೆಟ್ರಾಯಿಟ್ ಎರಡನೆಯ ಇನ್ನಿಂಗ್ಸ್‌ನಲ್ಲಿ ಒಂದು, ಎಂಟನೆಯದರಲ್ಲಿ ಎರಡು ರನ್ ಗಳಿಸಿತು. ಆತಿಥೇಯ ತಂಡವು ಎರಡನೆಯದಾಗಿ ಬ್ಯಾಟ್ ಮಾಡುವುದು ನಿಯಮ. ಕೊನೆಯ ಇನ್ನಿಂಗ್ಸ್‌ಗೆ ಮೊದಲೇ ಗೆಲುವು ಖಚಿತವಾದುದರಿಂದ ಡೆಟ್ರಾಯಿಟ್ ಮತ್ತೆ ಬ್ಯಾಟ್ ಮಾಡಬೇಕಾಗಲಿಲ್ಲ. ಕೊನೆಯ × ಗುರುತು ಅದನ್ನೇ ಸೂಚಿಸುತ್ತದೆ.

ಕೋಷ್ಟಕದ ಕಂಬಸಾಲುಗಳು

ಪಂದ್ಯದ ಪೂರ್ಣ ದಾಖಲೆಗೆ ‘ಬಾಕ್ಸ್ ಸ್ಕೋರ್’ ಎಂದು ಹೆಸರು. ಪತ್ರಿಕೆಯ ಪುಟದಲ್ಲಿ ಚೌಕಟ್ಟಿನೊಳಗೆ ಅಚ್ಚಾಗುತ್ತಿದ್ದುದರಿಂದ ಆ ಹೆಸರು. ಇನ್ನಿಂಗ್ಸ್‌ವಾರು ರನ್‌ಗಳ ಸಾಲು, ಬ್ಯಾಟುಗಾರರ ಕೋಷ್ಟಕ, ಪಿಚರ್‌ಗಳ ಕೋಷ್ಟಕ, ಕೆಳಗೆ ಟಿಪ್ಪಣಿಗಳು – ಇವು ಅದರ ಅಂಗಗಳು.

ಬ್ಯಾಟುಗಾರನ ಹೆಸರಿನ ಮುಂದಿರುವ ಮೊದಲ ಅಂಕಿ ‘ಎಟ್ ಬ್ಯಾಟ್’, ಅಂದರೆ ಲೆಕ್ಕಕ್ಕೆ ಹಿಡಿದ ಬ್ಯಾಟಿಂಗ್ ಅವಕಾಶಗಳು. ವಾಕ್ ದೊರೆತರೆ, ಚೆಂಡು ಮೈಗೆ ತಗುಲಿ ಮೊದಲ ನೆಲೆ ದೊರೆತರೆ, ಅಥವಾ ಜತೆಗಾರನನ್ನು ಮುಂದೊಯ್ಯಲು ತಾನು ಔಟಾಗುವ ‘ಸ್ಯಾಕ್ರಿಫೈಸ್’ ಆಟವಾಡಿದರೆ ಆ ಸರದಿಯನ್ನು ಎಟ್ ಬ್ಯಾಟ್‌ನಲ್ಲಿ ಸೇರಿಸುವುದಿಲ್ಲ. ಬಾರಿಸಿದ ಚೆಂಡಿನ ಬಲದಿಂದಲೇ ನೆಲೆ ತಲುಪಿದರೆ ಅದು ‘ಹಿಟ್’. ಹಿಟ್‌ಗಳನ್ನು ಎಟ್ ಬ್ಯಾಟ್‌ಗಳಿಂದ ಭಾಗಿಸಿದರೆ ಬ್ಯಾಟಿಂಗ್ ಸರಾಸರಿ ಸಿಗುತ್ತದೆ. 500 ಅವಕಾಶಗಳಲ್ಲಿ 150 ಹಿಟ್ ಗಳಿಸಿದವನ ಸರಾಸರಿ .300. ಹತ್ತರಲ್ಲಿ ಏಳು ಬಾರಿ ವಿಫಲನಾದರೂ ಅವನನ್ನು ಆ ಆಟ ಉತ್ತಮ ಬ್ಯಾಟುಗಾರನೆಂದು ಗೌರವಿಸುತ್ತದೆ. ನೂರಕ್ಕೆ ಎಷ್ಟು ಎಂಬುದರಿಂದಲೇ ಮಕ್ಕಳನ್ನು ಅಳೆಯುವ ನಮ್ಮ ಮನಸ್ಸಿಗೆ ಇದು ಯೋಚಿಸತಕ್ಕ ಸಂಗತಿ.

ಪಿಚರ್‌ಗಳ ಕೋಷ್ಟಕದಲ್ಲಿ ಮಕ್ಕಳು ಎಡವಬಹುದಾದ ಒಂದು ಸ್ಥಳವಿದೆ. ‘6.1’ ಇನ್ನಿಂಗ್ಸ್ ಎಂದು ಬರೆದಿದ್ದರೆ ಅದು ಆರು ಮತ್ತು ಹತ್ತನೆಯ ಒಂದು ಭಾಗವಲ್ಲ. ಆರು ಪೂರ್ಣ ಇನ್ನಿಂಗ್ಸ್ ಮತ್ತು ಏಳನೆಯದರಲ್ಲಿ ಒಂದು ಔಟ್, ಅಂದರೆ ಆರೂ ಮೂರನೆಯ ಒಂದು ಭಾಗ. ಇಲ್ಲಿ ಬಿಂದುವಿನ ಬಲಕ್ಕಿರುವುದು ದಶಮಾಂಶವಲ್ಲ, ಔಟ್‌ಗಳ ಎಣಿಕೆ. ಒಂದೇ ಚಿಹ್ನೆ ಬೇರೆ ಕೋಷ್ಟಕದಲ್ಲಿ ಬೇರೆ ಅರ್ಥ ಕೊಡಬಲ್ಲದು ಎಂಬುದು ಗಣಿತದ ತರಗತಿಯಲ್ಲಿ ತಿಳಿಸಬೇಕಾದ ವಿಷಯವೇ.

ಕ್ರಿಕೆಟ್ ವರದಿಗಾರನ ಕೊಡುಗೆ

ಬೇಸ್‌ಬಾಲ್ ಪಂದ್ಯಗಳ ಸರಳ ಪಟ್ಟಿಗಳು 1845ರಲ್ಲಿಯೇ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಕಾಣಿಸಿಕೊಂಡಿದ್ದವು. ಅವುಗಳಿಗೆ ಶಾಸ್ತ್ರೀಯ ರೂಪ ಕೊಟ್ಟವನು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಅಮೆರಿಕದ ಬ್ರೂಕ್ಲಿನ್‌ಗೆ ಬಂದ ಈತ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದನು. ಕ್ರಿಕೆಟ್ ಸ್ಕೋರ್ ಪಟ್ಟಿಯ ಮಾದರಿಯನ್ನೇ ಹಿಡಿದು, 1850ರ ದಶಕದ ಕೊನೆಯಲ್ಲಿ ಬೇಸ್‌ಬಾಲ್‌ಗೆ ಹೊಂದುವ ದಾಖಲೆಯನ್ನು ರೂಪಿಸಿದನು. ಸ್ಟ್ರೈಕ್‌ಗಳಿಂದ ಔಟಾದುದಕ್ಕೆ ಇಂದಿಗೂ ಬಳಸುವ ‘ಕೆ’ ಎಂಬ ಇಂಗ್ಲಿಷ್ ಅಕ್ಷರದ ಸಂಕೇತವನ್ನು ಬಳಕೆಗೆ ತಂದವನೂ ಅವನೇ. ‘ಸ್ಟ್ರಕ್’ ಎಂಬ ಪದದ ಕೊನೆಯ ಅಕ್ಷರ ಅದು. 1908ರಲ್ಲಿ ತೀರಿಕೊಂಡ ಚಾಡ್ವಿಕ್‌ಗೆ 1938ರಲ್ಲಿ ಬೇಸ್‌ಬಾಲ್‌ನ ಗೌರವ ಸಭಾಂಗಣ ‘ಹಾಲ್ ಆಫ್ ಫೇಮ್’ನಲ್ಲಿ ಸ್ಥಾನ ದೊರೆಯಿತು.

ಈ ಪದ್ಧತಿಯ ವೈಶಿಷ್ಟ್ಯವೆಂದರೆ ಸಾಧನೆಯ ಜತೆಗೆ ತಪ್ಪನ್ನೂ ದಾಖಲಿಸುವುದು. ಕ್ರಿಕೆಟಿನಲ್ಲಿ ಕೈಜಾರಿದ ಕ್ಯಾಚು ಸ್ಕೋರ್ ಪಟ್ಟಿಯಲ್ಲಿ ಕಾಣುವುದಿಲ್ಲ. ಬೇಸ್‌ಬಾಲ್‌ನಲ್ಲಿ ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾದ ಚೆಂಡನ್ನು ಬಿಟ್ಟವನ ಹೆಸರಿನ ಮುಂದೆ ‘ಎರರ್’ ಎಂದು ಬರೆಯಲಾಗುತ್ತದೆ. ಆದರೆ ಯಾವುದು ಸಾಮಾನ್ಯ ಪ್ರಯತ್ನ? ಅದನ್ನು ತೀರ್ಮಾನಿಸಲು ಪ್ರತಿ ಪಂದ್ಯಕ್ಕೂ ಒಬ್ಬ ಅಧಿಕೃತ ಸ್ಕೋರರ್ ಇರುತ್ತಾನೆ. ಒಂದೇ ಹೊಡೆತವನ್ನು ಅವನು ಬ್ಯಾಟುಗಾರನ ಹಿಟ್ ಎನ್ನಬಹುದು, ರಕ್ಷಕನ ಎರರ್ ಎಂದೂ ಬರೆಯಬಹುದು. ಆದರೆ ಓಡಿದವನು ಔಟೋ ಅಲ್ಲವೋ ಎಂಬುದು ಅಂಗಣದಲ್ಲಿ ನಿಂತ ಅಂಪೈರ್‌ನ ಅಧಿಕಾರ. ಅದನ್ನು ಸ್ಕೋರರ್ ಬದಲಿಸಲಾರ. ಅಂಕಿಗಳು ತಾವಾಗಿ ಹುಟ್ಟುವುದಿಲ್ಲ, ಪ್ರತಿ ಅಂಕಿಯ ಹಿಂದೆ ಒಬ್ಬ ಮನುಷ್ಯನ ತೀರ್ಪಿದೆ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

ತಾಳೆ ನೋಡುವ ನಿಯಮ

ಅಂಗಡಿಯ ಖಾತೆಯಲ್ಲಿ ಜಮಾ ಮತ್ತು ಖರ್ಚು ತಾಳೆಯಾಗಬೇಕಾದಂತೆ ಬಾಕ್ಸ್ ಸ್ಕೋರ್ ಕೂಡ ತಾಳೆಯಾಗಲೇಬೇಕು. ಇದು ಬೇಸ್‌ಬಾಲ್ ನಿಯಮಾವಳಿಯಲ್ಲಿಯೇ ಇದೆ. ಒಂದು ತಂಡದ ಎಟ್ ಬ್ಯಾಟ್‌ಗಳು, ವಾಕ್‌ಗಳು, ಚೆಂಡು ತಗುಲಿ ನೆಲೆ ಪಡೆದವರು, ಸ್ಯಾಕ್ರಿಫೈಸ್‌ಗಳು, ಅಡ್ಡಿಪಡಿಸಿದುದರಿಂದ ನೆಲೆ ಪಡೆದವರು – ಇವುಗಳ ಮೊತ್ತವು ಆ ತಂಡದ ರನ್‌ಗಳು, ನೆಲೆಗಳಲ್ಲಿಯೇ ಉಳಿದುಹೋದ ಓಟಗಾರರು ಮತ್ತು ಎದುರಾಳಿ ತಂಡ ಮಾಡಿದ ಔಟ್‌ಗಳು ಈ ಮೂರರ ಮೊತ್ತಕ್ಕೆ ಸಮನಾಗಬೇಕು. ಕಾರಣ ಸರಳ. ಬ್ಯಾಟು ಹಿಡಿದು ಬಂದ ಪ್ರತಿಯೊಬ್ಬನ ಸರದಿಗೂ ಮೂರರಲ್ಲಿ ಒಂದು ಗತಿ: ರನ್ ಗಳಿಸುವುದು, ಔಟಾಗುವುದು, ಅಥವಾ ನೆಲೆಯಲ್ಲಿ ನಿಂತೇ ಸರದಿ ಮುಗಿಯುವುದು. ಬಂದವರಷ್ಟೇ ಮಂದಿಗೆ ಲೆಕ್ಕ ಸಿಗಬೇಕು. ಸಿಗದಿದ್ದರೆ ಎಲ್ಲೋ ತಪ್ಪು ಬರೆದಿದೆ ಎಂದೇ ಅರ್ಥ.

ಡೆಟ್ರಾಯಿಟ್ ಪಂದ್ಯದ ಕ್ಲೀವ್‌ಲ್ಯಾಂಡ್ ತಂಡಕ್ಕೆ ಈ ನಿಯಮವನ್ನು ಅನ್ವಯಿಸಿ ನೋಡೋಣ. ಎಟ್ ಬ್ಯಾಟ್ 28. ವಾಕ್ ಮತ್ತು ಉಳಿದವೆಲ್ಲ ಸೊನ್ನೆ. ಎಡಬದಿಯ ಮೊತ್ತ 28. ರನ್ ಸೊನ್ನೆ, ನೆಲೆಯಲ್ಲಿ ಉಳಿದವನು 1, ಔಟ್‌ಗಳು 27. ಬಲಬದಿಯ ಮೊತ್ತವೂ 28. ಲೆಕ್ಕ ಸರಿಹೊಂದಿತು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಒಂಬತ್ತು ಮಂದಿ ತಲಾ ಮೂರು ಬಾರಿ ಬಂದರೆ 27. ಆದ್ದರಿಂದ 28ನೆಯ ಸರದಿ ಪಟ್ಟಿಯ ಮೊದಲ ಬ್ಯಾಟುಗಾರನದು. ಅವನ ಹೆಸರಿನ ಮುಂದೆ 4, ಉಳಿದವರ ಮುಂದೆ 3 ಇರಬೇಕು. ಪಂದ್ಯವನ್ನು ನೋಡದವರೂ ಇಷ್ಟನ್ನು ಲೆಕ್ಕದಿಂದಲೇ ಹೇಳಬಹುದು.

ಇಪ್ಪತ್ತೇಳನೆಯ ಬ್ಯಾಟುಗಾರ

ಆ ದಿನ ಡೆಟ್ರಾಯಿಟ್ ಟೈಗರ್ಸ್ ತಂಡದ ಪಿಚರ್ ವೆನೆಜುವೇಲಾದ ಅರ್ಮಾಂಡೊ ಗಲರಾಗ. ಒಂಬತ್ತನೆಯ ಇನ್ನಿಂಗ್ಸ್‌ನ ಎರಡನೆಯ ಔಟ್‌ನವರೆಗೆ ಎದುರಾಳಿಗಳಾದ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡದ 26 ಬ್ಯಾಟುಗಾರರು ಸಾಲಾಗಿ ಔಟಾಗಿದ್ದರು. ಇನ್ನೊಬ್ಬ ಔಟಾದರೆ ಅದು ‘ಪರ್ಫೆಕ್ಟ್ ಗೇಮ್’, ಅಂದರೆ ಒಬ್ಬನೂ ಮೊದಲ ನೆಲೆ ತಲುಪದ ಪಂದ್ಯ. ಅಮೆರಿಕದ ಪ್ರಮುಖ ಲೀಗ್‌ಗಳಲ್ಲಿ ಇದುವರೆಗೆ ನಡೆದ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳಲ್ಲಿ ಅಂತಹವು 24 ಮಾತ್ರ.

ಇಪ್ಪತ್ತೇಳನೆಯವನಾಗಿ ಬಂದವನು ಜೇಸನ್ ಡೊನಾಲ್ಡ್. ಅವನು ಬಾರಿಸಿದ ಚೆಂಡು ನೆಲದಲ್ಲಿ ಪುಟಿಯುತ್ತ ಬಲಕ್ಕೆ ಸಾಗಿತು. ಮೊದಲ ನೆಲೆಯ ರಕ್ಷಕ ಮಿಗೆಲ್ ಕಬ್ರೇರಾ ಅದನ್ನು ಹಿಡಿದು, ನೆಲೆಯನ್ನು ಕಾಯಲು ಓಡಿಬಂದ ಗಲರಾಗನಿಗೆ ಎಸೆದನು. ಗಲರಾಗ ಚೆಂಡು ಹಿಡಿದು ನೆಲೆಯನ್ನು ಮುಟ್ಟಿದನು. ಅಂಪೈರ್ ಜಿಮ್ ಜಾಯ್ಸ್ ‘ಸೇಫ್’ ಎಂದು ತೀರ್ಪಿತ್ತರು. ಮರುಪ್ರಸಾರದ ಚಿತ್ರಗಳಲ್ಲಿ ಡೊನಾಲ್ಡ್ ಔಟಾಗಿದ್ದುದು ಸ್ಪಷ್ಟವಾಗಿ ಕಂಡಿತು. ಆದರೆ ಅಂದಿನ ನಿಯಮದಂತೆ ಇಂತಹ ತೀರ್ಪನ್ನು ಚಿತ್ರ ನೋಡಿ ಬದಲಿಸಲು ಅವಕಾಶವಿರಲಿಲ್ಲ. ದಾಖಲೆಗೆ ಒಂದು ಹಿಟ್ ಸೇರಿತು. ಗಲರಾಗ ಮರುಮಾತಾಡದೆ ಮುಗುಳ್ನಕ್ಕು ತನ್ನ ಸ್ಥಾನಕ್ಕೆ ಮರಳಿ ಮುಂದಿನ ಬ್ಯಾಟುಗಾರನನ್ನು ಔಟ್ ಮಾಡಿಸಿದನು.

ಪಂದ್ಯ ಮುಗಿದು ಚಿತ್ರಗಳನ್ನು ನೋಡಿದ ಜಾಯ್ಸ್ ತಮ್ಮ ತೀರ್ಪು ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡು ಗಲರಾಗನ ಕ್ಷಮೆ ಕೋರಿದರು. ಮರುದಿನದ ಪಂದ್ಯದಲ್ಲಿ ಹೋಮ್ ಪ್ಲೇಟ್ ಬಳಿ ನಿಂತಿದ್ದ ಜಾಯ್ಸ್ ಅವರಿಗೆ ತನ್ನ ತಂಡದ ಆಟಗಾರರ ಪಟ್ಟಿಯನ್ನು ಒಪ್ಪಿಸಲು ಹೋದವನು ಗಲರಾಗನೇ, ಜಾಯ್ಸ್ ಕಣ್ಣೊರೆಸಿಕೊಂಡರು. ಆಗಿನ ಕಮಿಷನರ್ ಬಡ್ ಸೆಲಿಗ್ ತೀರ್ಪನ್ನು ಬದಲಿಸಲಿಲ್ಲ. ಇಂತಹ ತೀರ್ಪುಗಳನ್ನು ಚಿತ್ರ ನೋಡಿ ಪರಿಶೀಲಿಸುವ ವ್ಯವಸ್ಥೆ 2014ರಲ್ಲಿ ಜಾರಿಗೆ ಬಂತು. ಅದು ಹಿಂದಿನ ಪಂದ್ಯಗಳಿಗೆ ಅನ್ವಯಿಸಲಿಲ್ಲ.

ಈಗ ಮತ್ತೆ ಪಟ್ಟಿಯನ್ನು ನೋಡಿ. 28 ಮತ್ತು 28. ತಾಳೆಯಾಗಿದೆ. ಲೆಕ್ಕದಲ್ಲಿ ಒಂದಿಷ್ಟೂ ಲೋಪವಿಲ್ಲ, ಆದರೂ ಅದು ನಡೆದುದನ್ನು ಹೇಳುವುದಿಲ್ಲ. ತಾಳೆ ನೋಡುವ ನಿಯಮವು ಬರೆದವನ ಕೈತಪ್ಪನ್ನು ಹಿಡಿಯಬಲ್ಲದು. ತೀರ್ಪಿತ್ತವನ ಕಣ್ತಪ್ಪನ್ನು ಹಿಡಿಯಲಾರದು. ಒಳ್ಳೆಯ ಕೆಲಸವನ್ನೂ ಪಟ್ಟಿ ಪೂರ್ತಿ ಹೇಳುವುದಿಲ್ಲ. ಅದೇ ಒಂಬತ್ತನೆಯ ಇನ್ನಿಂಗ್ಸ್‌ನ ಮೊದಲ ಹೊಡೆತವನ್ನು ಮಧ್ಯಾಂಗಣದ ಆಸ್ಟಿನ್ ಜಾಕ್ಸನ್ ಬಹುದೂರ ಬೆನ್ನಟ್ಟಿ ಓಡುತ್ತಲೇ ಹಿಡಿದಿದ್ದನು. ದಾಖಲೆಯಲ್ಲಿ ಅದು ಒಂದು ಔಟ್, ಅಷ್ಟೇ. ನಿಂತಲ್ಲೇ ಹಿಡಿದ ಸುಲಭದ ಕ್ಯಾಚಿಗೂ ಅದಕ್ಕೂ ಭೇದವಿಲ್ಲ.

ಪಟ್ಟಿಯೇ ಇಲ್ಲದವರ ಪಾಡು

ದಾಖಲೆ ತಪ್ಪಾದರೆ ಚರ್ಚೆಗಾದರೂ ಅವಕಾಶವಿದೆ. ದಾಖಲೆಯೇ ಇಲ್ಲದಿದ್ದರೆ? ಅಮೆರಿಕದ ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರಿಗೆ ಪ್ರಮುಖ ಲೀಗ್‌ಗಳಲ್ಲಿ ಪ್ರವೇಶವಿರಲಿಲ್ಲ. ಅವರು 1920ರಿಂದ ತಮ್ಮದೇ ಲೀಗ್‌ಗಳನ್ನು ಕಟ್ಟಿಕೊಂಡರು. ಅಂದಿನ ಬಳಕೆಯಂತೆ ಇತಿಹಾಸದಲ್ಲಿ ಅವುಗಳ ಹೆಸರು ‘ನೀಗ್ರೊ ಲೀಗ್‌’ಗಳೆಂದೇ ಉಳಿದಿದೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರವಾಗಿ ಅಂಗಣಕ್ಕಿಳಿದಾಗ ಆ ತಡೆ ಮುರಿಯಿತು. ಆದರೆ ಯಾವ ಲೀಗ್‌ಗಳು ‘ಪ್ರಮುಖ’ ಎಂದು ನಿರ್ಧರಿಸಲು 1969ರಲ್ಲಿ ನೇಮಕವಾದ ಸಮಿತಿಯು ಆರು ಲೀಗ್‌ಗಳನ್ನು ಮಾನ್ಯಮಾಡಿ ಕಪ್ಪು ಆಟಗಾರರ ಲೀಗ್‌ಗಳನ್ನು ಕೈಬಿಟ್ಟಿತು. ಅವರ ಹಿಟ್‌ಗಳೂ ರನ್‌ಗಳೂ ಅಧಿಕೃತವಾಗಿ ಇಲ್ಲವೆಂಬಂತಾಯಿತು.

ಆ ಪಂದ್ಯಗಳ ಬಾಕ್ಸ್ ಸ್ಕೋರ್‌ಗಳು ಚದುರಿಹೋಗಿದ್ದವು. ದೊಡ್ಡ ಪತ್ರಿಕೆಗಳು ಅವನ್ನು ಸರಿಯಾಗಿ ಪ್ರಕಟಿಸುತ್ತಿರಲಿಲ್ಲ. ‘ಶಿಕಾಗೊ ಡಿಫೆಂಡರ್’, ‘ಪಿಟ್ಸ್‌ಬರ್ಗ್ ಕೊರಿಯರ್’ ಮೊದಲಾದ ಕಪ್ಪು ಸಮುದಾಯದ ವಾರಪತ್ರಿಕೆಗಳು ಪ್ರಕಟಿಸುತ್ತಿದ್ದವು. ದಶಕಗಳ ಕಾಲ ಹಲವು ಸಂಶೋಧಕರು, ಅವರಲ್ಲಿ ಬಹುಮಂದಿ ಸ್ವಂತ ಆಸಕ್ತಿಯಿಂದ, ಗ್ರಂಥಾಲಯಗಳಲ್ಲಿ ಕುಳಿತು ಹಳೆಯ ಸಂಚಿಕೆಗಳಿಂದ ಒಂದೊಂದೇ ಪಂದ್ಯದ ಪಟ್ಟಿಯನ್ನು ಹೆಕ್ಕಿ ತೆಗೆದರು. ಸಿಕ್ಕ ಪಟ್ಟಿಗಳನ್ನು ಒಂದರೊಡನೊಂದು ಹೋಲಿಸಿ ತಾಳೆ ನೋಡಿದರು. 2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ಏಳು ಲೀಗ್‌ಗಳಿಗೆ ಪ್ರಮುಖ ಲೀಗ್ ಎಂಬ ಮಾನ್ಯತೆ ದೊರೆಯಿತು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಅಂಶಗಳು ಅಧಿಕೃತ ದಾಖಲೆಯಲ್ಲಿ ಸೇರಿದವು. ಎರಡು ಸಾವಿರಕ್ಕೂ ಹೆಚ್ಚು ಆಟಗಾರರ ಹೆಸರುಗಳು ಪಟ್ಟಿಗೆ ಬಂದವು.

ಅದರಿಂದ ಶಿಖರದ ಹೆಸರೇ ಬದಲಾಯಿತು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಬಹುಕಾಲ ಮೊದಲಿಗನಾಗಿದ್ದವನು .367 ಸರಾಸರಿಯ ಟೈ ಕಾಬ್. ಈಗ ಆ ಸ್ಥಾನ .372 ಸರಾಸರಿಯ ಜಾಶ್ ಗಿಬ್ಸನ್‌ಗೆ ಸೇರಿದೆ. ಒಂದೇ ಋತುವಿನ ಅತ್ಯುನ್ನತ ಸರಾಸರಿಯೂ ಅವನದೇ: 1943ರಲ್ಲಿ .466. ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್ಸನ್ ಅಂಗಣಕ್ಕಿಳಿಯುವ ಮೂರು ತಿಂಗಳ ಮೊದಲು, ತನ್ನ 35ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ತನ್ನ ಹೆಸರು ಮೊದಲ ಸಾಲಿಗೆ ಬಂದುದನ್ನು ಅವನು ನೋಡಲಿಲ್ಲ. ಮಹಾನ್ ಆಟಗಾರ ವಿಲ್ಲಿ ಮೇಸ್ 1948ರಲ್ಲಿ ಬರ್ಮಿಂಗ್‌ಹ್ಯಾಮ್ ತಂಡದಲ್ಲಿ ಗಳಿಸಿದ 10 ಹಿಟ್‌ಗಳು ಸೇರಿ ಅವರ ಒಟ್ಟು ಮೊತ್ತ 3,283ರಿಂದ 3,293 ಆಯಿತು. ಅದಾದ ಕೆಲವೇ ವಾರಗಳಲ್ಲಿ, 93ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಈ ಕಾರ್ಯದಲ್ಲಿ ನಾವು ಮೆಚ್ಚಬೇಕಾದ ಇನ್ನೊಂದು ಗುಣವಿದೆ. ಹಾಲ್ ಆಫ್ ಫೇಮ್‌ನ ಫಲಕವು ಗಿಬ್ಸನ್ ಸುಮಾರು 800 ಹೋಮ್ ರನ್ ಬಾರಿಸಿದನೆಂದು ಹೇಳುತ್ತದೆ. ಊರೂರು ಸುತ್ತಿ ಆಡಿದ ಪ್ರದರ್ಶನ ಪಂದ್ಯಗಳೂ ಅದರಲ್ಲಿ ಸೇರಿವೆ. ಹೊಸ ಅಧಿಕೃತ ದಾಖಲೆಯಲ್ಲಿ ಅವನ ಹೋಮ್ ರನ್‌ಗಳು 200ಕ್ಕೂ ಕಡಿಮೆ. ಮಾನ್ಯ ಲೀಗ್ ಪಂದ್ಯವಾಗಿರಬೇಕು, ಅದಕ್ಕೆ ಪುರಾವೆ ದೊರೆಯಬೇಕು ಎಂಬ ನಿಯಮವನ್ನು ಸಂಶೋಧಕರು ಸಡಿಲಿಸಲಿಲ್ಲ. ಅನ್ಯಾಯಕ್ಕೊಳಗಾದವನೆಂಬ ಮರುಕದಿಂದ ಅಂಕಿಯನ್ನು ಹಿಗ್ಗಿಸದೆ, ಸಿಕ್ಕ ಕಾಗದದ ಬಲದಿಂದಲೇ ಅವನನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿದರು. ಆದುದರಿಂದಲೇ ಆ ಸ್ಥಾನವನ್ನು ಯಾರೂ ಸುಲಭವಾಗಿ ಅಲ್ಲಗಳೆಯಲಾರರು.

ಮಕ್ಕಳೊಡನೆ ಮಾಡಬಹುದಾದುದು

ಗಡಿನಾಡಿನ ಕನ್ನಡ ಶಾಲೆಗಳ ಕುಟುಂಬಗಳಿಗೆ ಪಟ್ಟಿಯಲ್ಲಿ ಹೆಸರಿರುವುದರ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆ ಅರಿವನ್ನು ಮಕ್ಕಳಿಗೆ ಕೆಲಸವಾಗಿ ಕೊಡಬಹುದು. ಶಾಲೆಯ ಮುಂದಿನ ಕ್ರಿಕೆಟ್ ಅಥವಾ ಕಬಡ್ಡಿ ಪಂದ್ಯದ ಪೂರ್ಣ ಲೆಕ್ಕವನ್ನು ಇಬ್ಬರು ಮಕ್ಕಳು ಬೇರೆಬೇರೆಯಾಗಿ ಬರೆಯಲಿ. ಕ್ರಿಕೆಟಿನಲ್ಲಿ ಬ್ಯಾಟುಗಾರರ ರನ್‌ಗಳಿಗೆ ಇತರೆ ರನ್‌ಗಳನ್ನು ಕೂಡಿಸಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗಳಿಗೆ ಬೈ ಮತ್ತು ಲೆಗ್‌ಬೈ ಕೂಡಿಸಿದರೂ ಅದೇ ಮೊತ್ತ ಬರಬೇಕು. ಬಾರದಿದ್ದರೆ ತಪ್ಪು ಎಲ್ಲಿದೆಯೆಂದು ಅವರೇ ಹುಡುಕಲಿ. ಬಳಿಕ ಪಟ್ಟಿಯ ಕೆಳಗೆ ಎರಡು ಸಾಲು ಸೇರಿಸಲಿ: ಚರ್ಚೆಗೆಡೆಯಾದ ತೀರ್ಪು ಯಾವುದು, ಅಂಕಿಯಲ್ಲಿ ಕಾಣದ ಒಳ್ಳೆಯ ಆಟ ಯಾರದು.

ಆ ಹಾಳೆಗೆ ದಿನಾಂಕ, ಸ್ಥಳ, ಬರೆದವರ ಹೆಸರು ಹಾಕಿ ಶಾಲೆಯಲ್ಲಿ ಕಾದಿರಿಸಿ. ಗಿಬ್ಸನ್‌ನ ಸರಾಸರಿ ಇಂದು ನಮಗೆ ದೊರೆತಿರುವುದು, ಎಂಬತ್ತು ವರ್ಷಗಳ ಹಿಂದೆ ವಾರಪತ್ರಿಕೆಯೊಂದಕ್ಕೆ ಯಾರೋ ಇಂತಹ ಹಾಳೆಯನ್ನು ಬರೆದು ಕಳುಹಿಸಿದ್ದರಿಂದ.